ದೊಡ್ಡವರಾದ ಮೇಲೆ ಈಜು ಕಲಿತವರು ದೂರದ ಈಜಿನಲ್ಲಿ ವೇಗ ಹೆಚ್ಚಿಸಿಕೊಳ್ಳುವುದು ಹೇಗೆ

ಈಜು ಬರುತ್ತದೆ. ನಾಲ್ಕು ಲೆಂಗ್ತ್ (ಕೊಳದ ಒಂದು ತುದಿಯಿಂದ ಇನ್ನೊಂದಕ್ಕೆ ಒಂದು ಲೆಂಗ್ತ್) ನಿಲ್ಲದೆ ಹೋಗಲೂ ಬರುತ್ತದೆ. ಆದರೆ ನೂರು ಮೀಟರಿಗೆ ಮೂರು ನಿಮಿಷ ಹಿಡಿಯುತ್ತದೆ. ಹಟ ಕಟ್ಟಿ ಜೋರಾಗಿ ಕೈ ಬೀಸಿದರೆ ಹತ್ತು ಸೆಕೆಂಡ್ ಉಳಿಯುತ್ತದೆ, ಆಮೇಲೆ ಗೋಡೆ ಹಿಡಿದು ಎರಡು ನಿಮಿಷ ಏದುಸಿರು. ಅಷ್ಟರಲ್ಲಿ ಪಕ್ಕದ ಲೇನಿನಲ್ಲಿ ಯಾರೋ ಸೋಮಾರಿಯ ಹಾಗೆ ಕೈ ಹಾಕುತ್ತ ನಿಮ್ಮನ್ನು ದಾಟಿ ಹೋಗಿರುತ್ತಾರೆ.

ವ್ಯತ್ಯಾಸ ಇರುವುದು ತೋಳಿನ ಬಲದಲ್ಲಲ್ಲ. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ಅದು ಮೈಯನ್ನು ಹಿಂದಕ್ಕೆ ಎಳೆಯುವ ಬಲ ವೇಗದ ವರ್ಗದಷ್ಟು ಏರುತ್ತದೆ, ಅದನ್ನು ಮೀರಿ ಸಾಗಲು ಬೇಕಾದ ಶಕ್ತಿ ಘನದಷ್ಟು ಏರುತ್ತದೆ. ಲೆಕ್ಕ ಹಾಕಿ: ಮೈಯ ಭಂಗಿ ಹಾಗೇ ಇದ್ದು ವೇಗ ಶೇ. 10ರಷ್ಟು ಹೆಚ್ಚಬೇಕಾದರೆ ಶಕ್ತಿ ಶೇ. 33ರಷ್ಟು ಹೆಚ್ಚು ಬೇಕು. ಕಾಲು ಅರ್ಧ ಮೀಟರ್ ಕೆಳಗೆ ಜೋತಾಡುತ್ತಿರುವಾಗ ಅಷ್ಟು ಶಕ್ತಿ ಸುರಿಯುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಹಾಗಾಗಿ ಮೊದಲು ಉಸಿರು, ಆಮೇಲೆ ಮೈ ನೇರವಾಗುವುದು, ಆಮೇಲೆ ನೀರು ಹಿಡಿಯುವ ಕೈ, ಎಲ್ಲಕ್ಕಿಂತ ಕೊನೆಗೆ ಗಡಿಯಾರ. ಈ ಕ್ರಮವನ್ನು ತಿರುಗುಮುರುಗು ಮಾಡಿದವರು ವರ್ಷಗಟ್ಟಲೆ ಅದೇ ಮೂರು ನಿಮಿಷದಲ್ಲಿ ಉಳಿದುಬಿಡುತ್ತಾರೆ. ಇಲ್ಲಿ ಹೇಳುವುದೆಲ್ಲ ಫ್ರೀಸ್ಟೈಲ್ ಈಜಿಗೆ.

ಮೊದಲು ಎರಡು ಅಂಕಿ ಬರೆದಿಟ್ಟುಕೊಳ್ಳಿ

ಮೈ ಬೆಚ್ಚಗಾದ ಮೇಲೆ ಸಾಧಾರಣ ವೇಗದಲ್ಲಿ 25 ಮೀಟರ್ ಈಜಿ. ಎಷ್ಟು ಸೆಕೆಂಡ್ ಹಿಡಿಯಿತು, ಎಷ್ಟು ಸಲ ಕೈ ಹಾಕಿದಿರಿ ಎಂದು ಎಣಿಸಿ. ಎಡಗೈ ಒಂದು, ಬಲಗೈ ಇನ್ನೊಂದು. 38 ಸೆಕೆಂಡ್, 27 ಕೈ ಎಂದಾದರೆ ಮೊತ್ತ 65. ಈ ಮೊತ್ತ ಇಳಿಯುತ್ತಿದ್ದರೆ ನೀವು ಸುಧಾರಿಸುತ್ತಿದ್ದೀರಿ. ಸೆಕೆಂಡ್ ಇಳಿದು ಕೈಗಳ ಸಂಖ್ಯೆ ಏರಿದರೆ ಬರೀ ಬಡಿದಾಟ ಹೆಚ್ಚಾಗಿದೆ, ಕೈ ಇಳಿದು ಸೆಕೆಂಡ್ ಏರಿದರೆ ತೇಲುತ್ತ ಕಾಲ ಕಳೆಯುತ್ತಿದ್ದೀರಿ. ಉದ್ದ ತೋಳಿನವರಿಗೆ ಸಹಜವಾಗಿಯೇ ಕೈ ಕಡಿಮೆ ಬೀಳುತ್ತದೆ. ಆದ್ದರಿಂದ ಈ ಮೊತ್ತವನ್ನು ನಿಮ್ಮದೇ ಹಳೆಯ ಮೊತ್ತದ ಜೊತೆ ಹೋಲಿಸಿ, ಪಕ್ಕದವರದರ ಜೊತೆ ಬೇಡ.

ಉಸಿರು

ದಮ್ಮು ಕಟ್ಟುವುದು ಗಾಳಿ ಸಾಲದೆ ಎಂದೇ ಎಲ್ಲರೂ ತಿಳಿಯುತ್ತಾರೆ. ಹೆಚ್ಚಾಗಿ ಅದು ಒಳಗಿನ ಗಾಳಿ ಹೊರಗೆ ಹೋಗದ ಕಾಟ. ಮುಖ ನೀರಿನಲ್ಲಿರುವಾಗ ಉಸಿರು ಹಿಡಿದಿಟ್ಟುಕೊಂಡರೆ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಏರುತ್ತದೆ. 'ಈಗಲೇ ಉಸಿರು ಬೇಕು' ಎಂಬ ತಳಮಳ ಹುಟ್ಟಿಸುವುದು ಅದೇ. ಆಮೇಲೆ ತಲೆ ಹೊರಳಿಸಿದ ಅರೆ ಗಳಿಗೆಯಲ್ಲಿ ಹಳೆಯದನ್ನು ಬಿಡಬೇಕು, ಹೊಸದನ್ನು ಎಳೆಯಬೇಕು. ಎರಡೂ ಅರ್ಧಂಬರ್ಧ ಆಗುತ್ತದೆ.

ಮುಖ ನೀರಿಗಿಳಿದ ತಕ್ಷಣ ಮೂಗಿನಿಂದ ಸಣ್ಣಗೆ ಗುಳ್ಳೆ ಬಿಡಲು ಶುರು ಮಾಡಿ, ಬಾಯಿ ಮುಚ್ಚಿ 'ಹ್ಞೂಂ' ಎಂದು ಗುನುಗಿದ ಹಾಗೆ. ತಲೆ ಹೊರಳುವ ಹೊತ್ತಿಗೆ ಉಳಿದದ್ದನ್ನು ಬಾಯಿಂದ ಒಮ್ಮೆಲೇ ಊದಿ. ಬಾಯಿ ಹೊರಗೆ ಬಂದಾಗ ಎಳೆದುಕೊಳ್ಳುವ ಕೆಲಸ ಮಾತ್ರ ಉಳಿದಿರಬೇಕು. ಎದೆಮಟ್ಟದ ನೀರಿನಲ್ಲಿ ನಿಂತು, ಮುಳುಗಿ ಗುಳ್ಳೆ ಬಿಟ್ಟು, ಮೇಲೆದ್ದು ಚಿಕ್ಕ ಉಸಿರೆಳೆದು ಮತ್ತೆ ಮುಳುಗುವುದನ್ನು ಎಡೆಬಿಡದೆ 20 ಸಲ ಮಾಡಿ. ಇಪ್ಪತ್ತರೊಳಗೆ ಗಾಬರಿಯಾದರೆ ಈಜಿನಲ್ಲೂ ನಿಮ್ಮನ್ನು ಕಾಡುತ್ತಿರುವುದು ಇದೇ. ಎರಡು ವಾರ ಪ್ರತಿಸಲ ಇದರಿಂದಲೇ ಶುರು ಮಾಡಿ.

ತಲೆ ಹೊರಳಬೇಕೇ ಹೊರತು ಎದ್ದೇಳಬಾರದು. ಒಂದು ಗಾಗಲ್ಸ್ ಕಣ್ಣು ನೀರಿನಲ್ಲೇ ಇರಲಿ, ಕಿವಿ ಮುಂದೆ ಚಾಚಿದ ತೋಳಿಗೆ ಒರಗಿದಂತಿರಲಿ. ಸಾಗುವ ತಲೆ ಮುಂದೆ ಸಣ್ಣ ಅಲೆ ಎಬ್ಬಿಸುತ್ತದೆ, ಅದರ ಹಿಂದೆ ಕೆನ್ನೆಯ ಪಕ್ಕ ತಗ್ಗು ಬೀಳುತ್ತದೆ; ಬಾಯಿಗೆ ಗಾಳಿ ಸಿಗುವುದು ಆ ತಗ್ಗಿನಲ್ಲಿ. ನಂಬಿಕೆ ಸಾಲದೆ ತಲೆ ಎತ್ತಿದಿರೋ, ಸೊಂಟ ಕುಸಿಯುತ್ತದೆ, ಅದನ್ನು ತಡೆಯಲು ಮುಂದಿನ ಕೈ ನೀರನ್ನು ಕೆಳಕ್ಕೆ ಒತ್ತುತ್ತದೆ, ಎಳೆಯಬೇಕಾದ ಆ ಕೈ ವ್ಯರ್ಥವಾಗುತ್ತದೆ. ಒಂದು ತಪ್ಪು ಉಸಿರಿಗೆ ಒಂದು ಇಡೀ ಸ್ಟ್ರೋಕ್ ದಂಡ.

ಮೂರು ಕೈಗೊಮ್ಮೆ ಉಸಿರಾಡಬೇಕು ಎಂಬುದನ್ನು ಕೆಲವರು ವ್ರತದಂತೆ ಪಾಲಿಸುತ್ತಾರೆ. ದಮ್ಮು ಸಾಲದಿದ್ದಾಗ ಎರಡು ಕೈಗೊಮ್ಮೆ ತೆಗೆದುಕೊಳ್ಳುವುದೇ ಸರಿ. ಮೈ ಒಂದೇ ಕಡೆಗೆ ವಾಲುವ ಅಭ್ಯಾಸ ಬೀಳದಿರಲು ಹೋಗುವಾಗ ಎಡಕ್ಕೆ, ಬರುವಾಗ ಬಲಕ್ಕೆ ಹೊರಳಿದರೆ ಸಾಕು. ಇನ್ನೊಂದು, ಇದು ಎಚ್ಚರಿಕೆ: ದಮ್ಮು ಬೆಳೆಸಲೆಂದು ಜೋರಾಗಿ ಹತ್ತಾರು ಸಲ ಉಸಿರೆಳೆದು ನೀರಿನಡಿ ಉಸಿರು ಕಟ್ಟಿ ಹೋಗುವ ಆಟ ಬೇಡ. ಹಾಗೆ ಮಾಡಿದರೆ ತಳಮಳದ ಸೂಚನೆಯೇ ಬರದೆ ನೀರಿನೊಳಗೆ ಪ್ರಜ್ಞೆ ತಪ್ಪಬಹುದು. ಚೆನ್ನಾಗಿ ಈಜುವವರೂ ಹೀಗೆ ಸತ್ತಿದ್ದಾರೆ.

ಮೈ ನೇರ, ಕಾಲು ಮೇಲೆ

ಶ್ವಾಸಕೋಶ ಬಲೂನಿನಂತೆ ಎದೆಯನ್ನು ತೇಲಿಸುತ್ತದೆ, ಭಾರವಾದ ತೊಡೆ, ಕಾಲು ಕೆಳಕ್ಕೆ ಎಳೆಯುತ್ತವೆ. ತಕ್ಕಡಿಯ ಹಾಗೆ: ಈ ತುದಿ ಎದ್ದರೆ ಆ ತುದಿ ಇಳಿಯುತ್ತದೆ. ಮುಂದಿನ ಗೋಡೆ ನೋಡುತ್ತ ಈಜುವವರ ಕಾಲು ಮುಳುಗುವುದು ಅದಕ್ಕೇ. ನೋಟ ಕೊಳದ ತಳದ ಗೆರೆಯ ಮೇಲೆ, ನಿಮಗಿಂತ ಒಂದು ಮೀಟರ್ ಮುಂದಕ್ಕಿರಲಿ. ಕತ್ತು ಸಡಿಲವಿರಲಿ. ಎದೆಯನ್ನು ನೀರಿನ ಮೇಲೆ ಒರಗಿಸಿದಂತೆ ತುಸು ಒತ್ತಿ. ಸೊಂಟ ಮೇಲೆ ಬಂದಾಗ ಬೆನ್ನ ಕೆಳಭಾಗಕ್ಕೆ ತಣ್ಣನೆ ಗಾಳಿ ತಾಗುತ್ತದೆ, ಭಂಗಿ ಸರಿಯಾಗಿದೆ ಎನ್ನುವುದಕ್ಕೆ ಅದೇ ಗುರುತು.

ಪರೀಕ್ಷೆ ಬೇಕಿದ್ದರೆ ಗೋಡೆ ಒದ್ದು ಹೊರಡಿ. ಒಂದು ಅಂಗೈ ಇನ್ನೊಂದರ ಮೇಲೆ, ತೋಳುಗಳು ಕಿವಿಗೆ ಅಂಟಿರಲಿ, ಕಾಲು ಜೋಡಿಸಿ, ಅಲ್ಲಾಡದೆ ನಿಲ್ಲುವವರೆಗೂ ಜಾರುತ್ತ ಹೋಗಿ. ಐದು ಮೀಟರ್ ತಲುಪದಿದ್ದರೆ ಮೈ ಎಲ್ಲೋ ಮುರಿದಿದೆ: ಗದ್ದ ಎದ್ದಿರುತ್ತದೆ, ಇಲ್ಲವೇ ಹೊಟ್ಟೆ ಸಡಿಲ ಬಿಟ್ಟಿರುತ್ತೀರಿ. ಪ್ರತಿ ಲೆಂಗ್ತಿಗೆ ಈ ಐದು ಮೀಟರ್ ಪುಕ್ಕಟೆಯಾಗಿ ಸಿಗುವಂಥದ್ದು. 25 ಮೀಟರ್ ಕೊಳದಲ್ಲಿ 1500 ಮೀಟರ್ ಎಂದರೆ 59 ತಿರುವು. ಒಂದೊಂದರಲ್ಲಿ ಒಂದು ಸೆಕೆಂಡ್ ಉಳಿಸಿದರೂ ಹತ್ತಿರ ಹತ್ತಿರ ಒಂದು ನಿಮಿಷ ಲಾಭ, ಕೈ ಬಲಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಪಲ್ಟಿ ಹೊಡೆಯುವ ತಿರುವು ಬಾರದಿದ್ದರೆ ಚಿಂತೆಯಿಲ್ಲ. ಒಂದು ಕೈಯಿಂದ ಗೋಡೆ ಮುಟ್ಟಿ, ಮಂಡಿ ಎದೆಗೆಳೆದು, ಇನ್ನೊಂದು ಕೈಯನ್ನು ನೀರಿನೊಳಗೇ ಹೋಗಬೇಕಾದ ದಿಕ್ಕಿಗೆ ಚಾಚಿ ಒದ್ದು ಹೊರಡಿ. ಗೋಡೆ ಹಿಡಿದು ನೇತಾಡಬೇಡಿ, ಅಷ್ಟೇ.

ಕಾಲಿನ ವಿಚಾರಕ್ಕೆ ಬರೋಣ. ದೂರದ ಈಜಿನಲ್ಲಿ ಕಾಲಿನ ಮೊದಲ ಕೆಲಸ ಮೈಯನ್ನು ಸಮತೋಲದಲ್ಲಿಡುವುದು. ತೊಡೆಯ ಸ್ನಾಯು ದೊಡ್ಡದು, ಆಮ್ಲಜನಕವನ್ನು ಗಟಗಟ ಕುಡಿಯುತ್ತದೆ, ಪ್ರತಿಯಾಗಿ ಕೊಡುವ ವೇಗ ಕಡಿಮೆ. ಕಿಕ್ ಸೊಂಟದಿಂದ ಬರಲಿ, ಮಂಡಿ ಸಡಿಲವಾಗಿ ತುಸು ಮಾತ್ರ ಬಾಗಲಿ, ಎರಡು ಪಾದಗಳ ನಡುವಿನ ಅಂತರ ಒಂದಡಿ ಮೀರದಿರಲಿ. ಸೈಕಲ್ ತುಳಿದಂತೆ ಮಂಡಿ ಮಡಚಿದರೆ ಪ್ರತಿಸಲ ತೊಡೆ ನೀರಿಗೆ ಅಡ್ಡಗೋಡೆಯಾಗಿ ನಿಲ್ಲುತ್ತದೆ. ಓಟಗಾರರಿಗೆ, ಸೈಕಲ್ ತುಳಿಯುವವರಿಗೆ ಇನ್ನೊಂದು ಕಷ್ಟ: ಹರಡು ಬಿಗಿಯಾಗಿ ಪಾದ ಕೊಕ್ಕೆಯ ಹಾಗೆ ಕೆಳಗೆ ಚಾಚಿಕೊಂಡಿರುತ್ತದೆ. ಅಂಥವರು ತೇಲುವ ಕಿಕ್ ಬೋರ್ಡ್ ಹಿಡಿದು ಒದ್ದರೆ ಇದ್ದಲ್ಲೇ ಇರುತ್ತಾರೆ, ಕೆಲವರು ಹಿಂದಕ್ಕೂ ಹೋಗುತ್ತಾರೆ! ಮಂಡಿ ನೋವಿಲ್ಲದವರು ದಿನಕ್ಕೆರಡು ಸಲ ವಜ್ರಾಸನದಲ್ಲಿ ಒಂದೊಂದು ನಿಮಿಷ ಕೂತರೆ ಹರಡು ನಿಧಾನವಾಗಿ ಸಡಿಲವಾಗುತ್ತದೆ.

ಕಿಕ್ ಬೋರ್ಡನ್ನು ಹೊಸಬರ ಕೈಗೆ ಕೊಡುವ ಪದ್ಧತಿ ಎಲ್ಲೆಡೆ ಇದೆ, ಆದರೆ ಅದು ತಲೆ ಎತ್ತಿಸಿ ಸೊಂಟ ಇಳಿಸುವ ಸಾಧನ. ಅದಕ್ಕಿಂತ ಒಂದು ಪಕ್ಕಕ್ಕೆ ಮಲಗಿ, ಕೆಳಗಿನ ಕೈ ಮುಂದಕ್ಕೆ ಚಾಚಿ, ಮೇಲಿನ ಕೈ ತೊಡೆಗೆ ತಾಗಿಸಿ ಕಿಕ್ ಮಾಡುವುದು ಮೇಲು. ಆರು ಕಿಕ್, ಒಂದು ಕೈ ಎಳೆದು ಇನ್ನೊಂದು ಪಕ್ಕಕ್ಕೆ, ಮತ್ತೆ ಆರು ಕಿಕ್. ಪಾದಕ್ಕೆ ಹಾಕುವ ಗಿಡ್ಡ ಫಿನ್ಸ್ (ರಬ್ಬರಿನ ರೆಕ್ಕೆ) ಹಾಕಿಕೊಂಡರೆ ತಪ್ಪೇನಿಲ್ಲ.

ಪುಲ್ ಬಾಯ್ (ಕಾಲನ್ನು ತೇಲಿಸುವ ಫೋಮಿನ ತುಂಡು) ಇದ್ದರೆ ಒಂದು ರೋಗಪರೀಕ್ಷೆ ಮಾಡಿ. ತೊಡೆಯ ನಡುವೆ ಅದನ್ನಿಟ್ಟುಕೊಂಡು 100 ಮೀಟರ್, ವಿಶ್ರಾಂತಿಯ ಬಳಿಕ ಅದಿಲ್ಲದೆ 100 ಮೀಟರ್, ಎರಡೂ ಒಂದೇ ಶ್ರಮದಲ್ಲಿ. ಇಟ್ಟುಕೊಂಡಾಗಲೇ ಐದಾರು ಸೆಕೆಂಡ್ ಬೇಗ ಆಯಿತೆಂದರೆ ನಿಮ್ಮ ಕಾಲು ನಿಮ್ಮನ್ನು ಹಿಂದಕ್ಕೆಳೆಯುತ್ತಿದೆ. ಮುಂದಿನ ಒಂದು ತಿಂಗಳು ಅಭ್ಯಾಸದ ಅರ್ಧವನ್ನು ಮೈ ನೇರ ಮಾಡುವುದಕ್ಕೇ ಕೊಡಿ. ಪುಲ್ ಬಾಯ್ ಸುಖ ಕೊಡುತ್ತದೆ ಎಂದು ಅದರಲ್ಲೇ ಸಾವಿರ ಮೀಟರ್ ಈಜಿದರೆ ಮಾತ್ರ ರೋಗ ಹಾಗೇ ಉಳಿಯುತ್ತದೆ.

ಒಂದು ಕೈಯನ್ನು ನಿಧಾನವಾಗಿ ನೋಡಿದರೆ

ಕೈ ಹಿಂದೆ ಹೋಗುತ್ತದೆ, ಮೈ ಮುಂದೆ ಬರುತ್ತದೆ ಎಂದುಕೊಳ್ಳುತ್ತೇವೆ. ಚೆನ್ನಾಗಿ ಈಜುವವರಲ್ಲಿ ಕೈ ನೀರಿನಲ್ಲಿ ಹೆಚ್ಚುಕಡಿಮೆ ಒಂದೆಡೆ ಕಚ್ಚಿಕೊಂಡಿರುತ್ತದೆ, ಮೈ ಅದನ್ನು ದಾಟಿ ಮುಂದೆ ಸಾಗುತ್ತದೆ. ಮೆಟ್ಟಿಲ ಕಂಬಿ ಹಿಡಿದು ಹತ್ತಿದ ಹಾಗೆ.

ಬಲಗೈಯನ್ನೇ ತೆಗೆದುಕೊಳ್ಳಿ. ತಲೆಗಿಂತ ಒಂದಡಿ ಮುಂದೆ, ಭುಜದ ನೇರಕ್ಕೆ, ಬೆರಳ ತುದಿ ಮೊದಲು ನೀರಿಗಿಳಿಯಬೇಕು. ಅಂಗೈ ಕೆಳಮುಖ. ಹೆಬ್ಬೆರಳು ಮೊದಲು ಇಳಿದರೆ ತೋಳು ಒಳಕ್ಕೆ ತಿರುಚಿಕೊಳ್ಳುತ್ತದೆ. ಒಂದು ಸಾವಿರ ಸಲ ಹಾಗಾದರೆ ಭುಜ ನೋಯದೆ ಇರುತ್ತದೆಯೇ? ನೀರೊಳಗೆ ಕೈ ಮುಂದಕ್ಕೆ ಚಾಚುವಾಗ ಮೈ ಆ ಪಕ್ಕಕ್ಕೆ 30 ರಿಂದ 45 ಡಿಗ್ರಿ ಹೊರಳಿರುತ್ತದೆ. ಚಾಚಿದ ಕೈ ಇಳಿಜಾರಿನಂತಿರಲಿ: ಭುಜಕ್ಕಿಂತ ಮೊಣಕೈ ಕೆಳಗೆ, ಮೊಣಕೈಗಿಂತ ಮಣಿಕಟ್ಟು ಕೆಳಗೆ, ಅದಕ್ಕಿಂತ ಬೆರಳು ಕೆಳಗೆ. ಬೆರಳು ಮೇಲ್ಮುಖವಾಗಿ ಅಂಗೈ ಮುಂದೆ ಕಂಡರೆ ಅದು ಬ್ರೇಕು.

ಈಗ ಮುಖ್ಯವಾದ ಗಳಿಗೆ. ಮೊಣಕೈಯನ್ನು ಮೇಲೆ, ಮುಂದೆ ಇದ್ದಲ್ಲೇ ಬಿಟ್ಟು ಮುಂಗೈಯನ್ನು ಮಾತ್ರ ಕೆಳಗಿಳಿಸಿ, ದೊಡ್ಡ ಪೀಪಾಯಿಯ ಮೇಲಿಂದ ತೋಳು ಹಾಕಿ ತಬ್ಬಿಕೊಂಡಂತೆ. ಬೆರಳು ತಳ ತೋರಿಸುವಾಗ ಅಂಗೈಯಿಂದ ಮೊಣಕೈಯವರೆಗೆ ಇಡೀ ಭಾಗ ಹಿಂಬದಿಯ ಗೋಡೆಗೆ ಮುಖ ಮಾಡಿರುತ್ತದೆ. ಇದಕ್ಕೆ ಬಲ ಬೇಡ, ಅವಸರ ಬೇಡವೇ ಬೇಡ. ಮುಂಗೈಯ ಒಳಬದಿಗೆ ನೀರಿನ ಒತ್ತಡ ತಾಗಿದಾಗ ಹಿಡಿತ ಸಿಕ್ಕಿದಂತೆ. ಆಗ, ಆಗ ಮಾತ್ರ, ಎದೆಯ ಪಕ್ಕದಿಂದ ತೊಡೆಯವರೆಗೆ ನೇರ ಹಿಂದಕ್ಕೆ ವೇಗ ಕೂಡಿಸುತ್ತ ತಳ್ಳಿ. ಬೆರಳುಗಳನ್ನು ಬಿಗಿಯಾಗಿ ಜೋಡಿಸಬೇಕಿಲ್ಲ, ನಡುವೆ ಸಣ್ಣ ಸಂದಿದ್ದರೂ ಹಿಡಿತ ಹೋಗುವುದಿಲ್ಲ.

ತಪ್ಪುವುದು ಎಲ್ಲಿ? ಬಹಳಷ್ಟು ಜನ ತೋಳನ್ನು ನೆಟ್ಟಗೇ ಇಟ್ಟುಕೊಂಡು ನೀರನ್ನು ಕೆಳಕ್ಕೆ ಒತ್ತುತ್ತಾರೆ. ಒತ್ತಡವೇನೋ ಚೆನ್ನಾಗಿ ತಾಗುತ್ತದೆ, ಬಲ ಬಿದ್ದಿತೆಂದು ಮನಸ್ಸಿಗೆ ಖುಷಿ, ಆದರೆ ಆ ಬಲ ಎದೆಯನ್ನು ಎತ್ತಿ ಕಾಲನ್ನು ಮುಳುಗಿಸುವುದಕ್ಕೆ ಖರ್ಚಾಯಿತು. ಎರಡನೆಯದು, ಕೈ ಮೂಗಿನ ಗೆರೆ ದಾಟಿ ಇನ್ನೊಂದು ಕಡೆಗೆ ಬೀಳುವುದು. ಮೈ ಹಾವಿನಂತೆ ಬಳುಕುತ್ತದೆ, ಅದನ್ನು ಸರಿದೂಗಿಸಲು ಕಾಲು ಕತ್ತರಿಯಂತೆ ಅಗಲವಾಗುತ್ತದೆ. ಕಾಲು ಅಗಲವಾಗುತ್ತಿದೆ ಎಂದು ಯಾರಾದರೂ ಹೇಳಿದರೆ ಮೊದಲು ಕೈಯನ್ನು ನೋಡಿಕೊಳ್ಳಿ. ಇದಕ್ಕೆ ಮದ್ದು, ಎರಡು ಕೈಗಳನ್ನೂ ಬೇಕೆಂದೇ ಅಗಲವಾಗಿ, ಗಡಿಯಾರದ ಹತ್ತು ಮತ್ತು ಎರಡು ಗಂಟೆಯ ಕಡೆಗೆ ಹಾಕುವುದು. ನಿಮಗೆ ಅತಿ ಅಗಲ ಎನಿಸಿದಾಗ ಸಾಮಾನ್ಯವಾಗಿ ಸರಿಯಾದ ಜಾಗಕ್ಕೆ ಬಿದ್ದಿರುತ್ತದೆ.

ಹಿಡಿತ ಕಲಿಯಲು ಮುಷ್ಟಿ ಕಟ್ಟಿ 25 ಮೀಟರ್, ಅಂಗೈ ಬಿಚ್ಚಿ 25 ಮೀಟರ್, ಹೀಗೆ ಆರು ಸಲ. ಮುಷ್ಟಿಯಲ್ಲಿ ಈಜುವಾಗ ಮುಂಗೈಯಿಂದಲೇ ನೀರು ಹಿಡಿಯದೆ ಗತ್ಯಂತರವಿಲ್ಲ. ಅಂಗೈ ಬಿಚ್ಚಿದ ಮೊದಲ ಮೂರ್ನಾಲ್ಕು ಕೈಯಲ್ಲಿ ಸಿಗುವ ವ್ಯತ್ಯಾಸವನ್ನು ಗಮನವಿಟ್ಟು ಅನುಭವಿಸಿ. ಅಂಗೈಗೆ ಕಟ್ಟಿಕೊಳ್ಳುವ ಹಲಗೆ, ಅಂದರೆ ಪ್ಯಾಡಲ್ ಮಾತ್ರ ಮೊದಲ ಮೂರು ತಿಂಗಳು ಬೇಡ, ಆಮೇಲೂ ಅಂಗೈಗಿಂತ ತುಸುವೇ ದೊಡ್ಡದು ಸಾಕು. ತಪ್ಪು ಎಳೆತಕ್ಕೆ ದೊಡ್ಡ ಪ್ಯಾಡಲ್ ಸೇರಿದರೆ ಭುಜದ ನೋವು ಕರೆದು ತಂದಂತೆ.

ಗಡಿಯಾರದ ಕೆಲಸ

ಅಮೆರಿಕದ ಈಜುಗಾರ ಬಾಬಿ ಫಿಂಕ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 1500 ಮೀಟರನ್ನು 14 ನಿಮಿಷ 30.67 ಸೆಕೆಂಡಿನಲ್ಲಿ ಈಜಿ ವಿಶ್ವದಾಖಲೆ ಮಾಡಿದರು. ನೂರಕ್ಕೆ ಸರಾಸರಿ 58 ಸೆಕೆಂಡ್. ಅದರ ಅರ್ಧ ವೇಗ ಎಂದರೆ ನೂರಕ್ಕೆ 1:56. ದೊಡ್ಡವರಾದ ಮೇಲೆ ಕಲಿತವರಿಗೆ ಅದೇ ಒಳ್ಳೆಯ ವೇಗ. ಮೂರು ನಿಮಿಷದಲ್ಲಿರುವವರು ಮೊದಲು 2:40ರ ಕಡೆ ನೋಡಲಿ.

ನಿಮ್ಮ ತಾಳಿಕೆಯ ವೇಗ, ಅಂದರೆ ದೂರದವರೆಗೂ ಕುಸಿಯದೆ ಉಳಿಸಿಕೊಳ್ಳಬಲ್ಲ ವೇಗ ಕಂಡುಕೊಳ್ಳಲು ಒಂದೇ ದಿನ 400 ಮೀಟರ್ ಮತ್ತು 200 ಮೀಟರ್ ಎರಡನ್ನೂ ಆದಷ್ಟು ಬೇಗ, ಆದರೆ ಸಮವೇಗದಲ್ಲಿ ಈಜಿ. ನಡುವೆ ಎಂಟು ಹತ್ತು ನಿಮಿಷ ಹಗುರಾಗಿ ಈಜುತ್ತಿರಿ. 400ಕ್ಕೆ 10:40, 200ಕ್ಕೆ 5:10 ಆಯಿತೆನ್ನಿ. ವ್ಯತ್ಯಾಸ 5:30, ಅದರ ಅರ್ಧ 2:45. ನೂರು ಮೀಟರಿಗೆ ಇದೇ ನಿಮ್ಮ ತರಬೇತಿಯ ವೇಗ. 25ಕ್ಕೆ ಸುಮಾರು 41 ಸೆಕೆಂಡ್, 50ಕ್ಕೆ 1:22.

400 ನಿಲ್ಲದೆ ಆಗುವುದಿಲ್ಲವೇ? ಪರೀಕ್ಷೆ ಸದ್ಯಕ್ಕೆ ಬಿಡಿ. 50 ಮೀಟರ್ 16 ಸಲ, ನಡುವೆ 30 ಸೆಕೆಂಡ್ ವಿರಾಮ. ವಾರವಾರ ವಿರಾಮವನ್ನು 25, 20, 15ಕ್ಕೆ ಇಳಿಸುತ್ತ ಬನ್ನಿ, ಈಜುವ ವೇಗ ಬದಲಿಸಬೇಡಿ. ಹತ್ತಕ್ಕೆ ಬಂದ ಮೇಲೆ ಐವತ್ತುಗಳನ್ನು ಜೋಡಿಸಿ ನೂರು ಮಾಡಿ.

ವಾರಕ್ಕೆ ಮೂರು ದಿನ, 45 ರಿಂದ 60 ನಿಮಿಷ ಸಾಕು. ಒಂದೇ ದಿನ ಎರಡು ಗಂಟೆ ಈಜುವುದಕ್ಕಿಂತ ಇದು ಎಷ್ಟೋ ವಾಸಿ, ಏಕೆಂದರೆ ನೀರಿನ ಹಿಡಿತದ ಸೂಕ್ಷ್ಮ ನಾಲ್ಕೈದು ದಿನ ಬಿಟ್ಟರೆ ಮರೆತುಹೋಗುತ್ತದೆ.

ಮೊದಲ ದಿನ ಕುಶಲತೆಗೆ: 200 ಮೀಟರ್ ಹಗುರಾಗಿ, ಪಕ್ಕದ ಕಿಕ್ 6×25 (25 ಮೀಟರ್ ಆರು ಸಲ), ಮುಷ್ಟಿ-ಅಂಗೈ 6×50, ಕೊನೆಗೆ ಕೈ ಎಣಿಸುತ್ತ 8×25. ಕೊನೆಯ ಎಂಟರಲ್ಲೂ ಸಂಖ್ಯೆ ಒಂದೇ ಇರಬೇಕು, ಏರಿದರೆ ಅಲ್ಲಿಗೆ ನಿಲ್ಲಿಸಿ.

ಎರಡನೆಯ ದಿನ ತಾಳಿಕೆಯ ವೇಗಕ್ಕೆ: ಬೆಚ್ಚಗಾದ ಮೇಲೆ 6×100, ಪ್ರತಿಯೊಂದೂ ನಿಮ್ಮ 2:45ಕ್ಕೆ, ನಡುವೆ 20 ಸೆಕೆಂಡ್ ಮಾತ್ರ. ಮೊದಲನೆಯದು 'ಅಯ್ಯೋ, ಇಷ್ಟು ಸುಲಭವೇ' ಎನಿಸಬೇಕು, ಐದನೆಯದು ಕಷ್ಟವಾಗಬೇಕು. ಹೆಚ್ಚಿನವರು ಮೊದಲ ನೂರನ್ನು 2:30ಕ್ಕೆ ಹಾರಿಸಿ ನಾಲ್ಕನೆಯದನ್ನು 3:00ಕ್ಕೆ ಎಳೆಯುತ್ತಾರೆ. ಸರಾಸರಿ ಅದೇ 2:45 ಬರಬಹುದು, ಆದರೆ ಮೈ ಕಲಿತದ್ದು ಸುಸ್ತಿನಲ್ಲಿ ಕೆಟ್ಟದಾಗಿ ಈಜುವುದನ್ನು. ಆರೂ ಮೂರು ಸೆಕೆಂಡಿನೊಳಗೆ ಬಂದರೆ ಮುಂದಿನ ವಾರ ಎಂಟು ಮಾಡಿ, ಹತ್ತಾದ ಮೇಲೆ ವೇಗವನ್ನು ನೂರಕ್ಕೆ ಎರಡು ಸೆಕೆಂಡ್ ಹೆಚ್ಚಿಸಿ.

ಮೂರನೆಯ ದಿನ ಉದ್ದಕ್ಕೆ: 3×300 ಅಥವಾ 2×500, ತಾಳಿಕೆಯ ವೇಗಕ್ಕಿಂತ ನೂರಕ್ಕೆ ಹತ್ತು ಸೆಕೆಂಡ್ ನಿಧಾನ, ನಡುವೆ ಒಂದು ನಿಮಿಷ. ಕೊನೆಯಲ್ಲಿ 6×25 ಚುರುಕಾಗಿ, 30 ಸೆಕೆಂಡ್ ವಿರಾಮ. ಈ ಚಿಕ್ಕ ಓಟಗಳನ್ನು ಬಿಟ್ಟರೆ ಕೈ ಒಂದೇ ಮಂದಗತಿಗೆ ಒಗ್ಗಿಹೋಗುತ್ತದೆ.

ಮಂದಗತಿಯ ಮಾತು ಬಂದದ್ದರಿಂದ: ಕೈ ಕಡಿಮೆ ಮಾಡುವ ಹುಮ್ಮಸ್ಸಿನಲ್ಲಿ ಪ್ರತಿ ಕೈಯ ಬಳಿಕ ತೇಲುತ್ತ ಕಾಯುವವರಿದ್ದಾರೆ. ಕಾದಷ್ಟು ಹೊತ್ತು ವೇಗ ಕುಸಿಯುತ್ತದೆ, ಪ್ರತಿಸಲ ಮತ್ತೆ ನಿಂತ ಗಾಡಿ ತಳ್ಳಬೇಕು. ಕೊಳದ ನಡುವೆ ಹತ್ತು ಕೈಗೆ ಎಷ್ಟು ಸೆಕೆಂಡ್ ಎಂದು ಯಾರಿಂದಲಾದರೂ ನೋಡಿಸಿ. 12 ಸೆಕೆಂಡಾದರೆ ನಿಮಿಷಕ್ಕೆ 50 ಕೈ, ಒಳ್ಳೆಯ ಆರಂಭ. 15 ಸೆಕೆಂಡಾದರೆ 40, ಅದು ಕಾಯುವವರ ಲೆಕ್ಕ.

ನಡುವೆ ಬರುವ ತೊಂದರೆಗಳು

ಮೀನಖಂಡ ಹಿಡಿದುಕೊಂಡರೆ ಗೋಡೆ ಹಿಡಿದು, ಕಾಲು ನೀಡಿ, ಪಾದವನ್ನು ಮೊಳಕಾಲಿನ ಕಡೆಗೆ ಎಳೆದು 30 ಸೆಕೆಂಡ್ ಇರಿ. ಪಾದದ ಬೆರಳನ್ನು ಬಿಗಿಯಾಗಿ ಚೂಪು ಮಾಡಿ ಒದೆಯುವವರಿಗೆ ಇದು ಪದೇಪದೇ ಬರುತ್ತದೆ. ಭುಜದ ಮುಂಭಾಗದಲ್ಲಿ ಚುಚ್ಚಿದರೆ ಆ ದಿನ ಎಳೆತ ನಿಲ್ಲಿಸಿ, ಹೆಬ್ಬೆರಳು ಮತ್ತು ಮೂಗಿನ ಗೆರೆ ಎರಡನ್ನೂ ತಪಾಸಣೆ ಮಾಡಿಸಿ. ವಾರ ಕಳೆದರೂ ನೋವಿದ್ದರೆ ವೈದ್ಯರ ಬಳಿಗೆ ಹೋಗಿ. ಇನ್ನೊಂದು, ಕೈಯ ರೀತಿ ಬದಲಿಸಿದ ಎರಡು ಮೂರು ವಾರ ಸಮಯ ಹಿಂದೆ ಬೀಳುತ್ತದೆ. ಹಳೆಯ ಚಾಳಿಗೆ ಮರಳಲು ಇದಕ್ಕಿಂತ ದೊಡ್ಡ ಆಮಿಷ ಇಲ್ಲ. ಆ ವಾರಗಳಲ್ಲಿ ಗಡಿಯಾರ ನೋಡಲೇಬೇಡಿ.

ಆರು ವಾರಕ್ಕೊಮ್ಮೆ 400, 200ರ ಪರೀಕ್ಷೆ ಮತ್ತೆ ಮಾಡಿ. 400 ಸುಧಾರಿಸಿ 200 ಹಾಗೇ ಇದ್ದರೆ ದಮ್ಮು ಬೆಳೆದಿದೆ, ಚುರುಕು ಸಾಲದು. ಮೂರನೆಯ ದಿನದ 6×25 ಅನ್ನು 12 ಮಾಡಿ. 200 ಮಾತ್ರ ಸುಧಾರಿಸಿದ್ದರೆ ಎರಡನೆಯ ದಿನದ ವಿರಾಮವನ್ನು 20ರಿಂದ 10 ಸೆಕೆಂಡಿಗೆ ಇಳಿಸಿ. ಎರಡೂ ಅಲ್ಲಾಡದೆ ಕೈಗಳ ಸಂಖ್ಯೆ ಇಳಿದಿದ್ದರೆ ನೀವು ಕಾಯುತ್ತಿದ್ದೀರಿ, ನಿಮಿಷದ ಕೈಗಳನ್ನು ಎರಡು ಮೂರು ಹೆಚ್ಚಿಸಿ. ಎರಡೂ ಅಲ್ಲಾಡದೆ ಕೈಗಳ ಸಂಖ್ಯೆಯೂ ಅಲ್ಲಾಡದಿದ್ದರೆ, ಕೊಳದವರ ಅನುಮತಿ ಪಡೆದು, ನೀರು ಹೋಗದ ಕವರಿನಲ್ಲಿ ಫೋನ್ ಇಟ್ಟು, ನೀರಿನೊಳಗಿಂದ ಪಕ್ಕದಿಂದೊಮ್ಮೆ ಮುಂದಿನಿಂದೊಮ್ಮೆ ವಿಡಿಯೊ ಮಾಡಿಸಿ. ನಿಧಾನಗತಿಯಲ್ಲಿ ಓಡಿಸಿ ಮೂರೇ ಕಡೆ ನಿಲ್ಲಿಸಿ ನೋಡಿ: ಉಸಿರು ತೆಗೆದುಕೊಳ್ಳುವಾಗ ಹಿಮ್ಮಡಿ ಎಷ್ಟು ಕೆಳಗಿದೆ, ಎಳೆತ ಶುರುವಾಗುವಾಗ ಮೊಣಕೈ ಅಂಗೈಗಿಂತ ಮೇಲಿದೆಯೇ, ಕೈ ಮೂಗಿನ ಗೆರೆ ದಾಟಿದೆಯೇ.